ಮುಖವೂ ಒಂದು ನಿವೇಶನ: ಫೆಂಗ್ ಶುಯಿಯಿಂದ ನನ್ನ ಅಲಂಕಾರವನ್ನು ತಿದ್ದಿಕೊಂಡ ಅನುಭವ

ಮನೆ, ನಿವೇಶನಗಳ ನೆಲೆಯನ್ನು ನೋಡುವ ಚೀನೀ ಶಾಸ್ತ್ರವಾದ ಫೆಂಗ್ ಶುಯಿಯನ್ನು ನನ್ನ ಅಲಂಕಾರಕ್ಕೆ ಅಳವಡಿಸಿಕೊಳ್ಳಲು ಹೊರಟಾಗ ನಾನು ಮಾಡಿದ ಮೊದಲ ತಪ್ಪೆಂದರೆ ಬಣ್ಣದಿಂದ ಆರಂಭಿಸಿದ್ದು. ಸಲಹೆಗಾರರೊಬ್ಬರು ನಾನು ಹುಟ್ಟಿದ ವರ್ಷವನ್ನು ಕೇಳಿ, ನನ್ನದು ಬೆಂಕಿಯ ತತ್ತ್ವವೆಂದೂ ಕೆಂಪು ಬಣ್ಣವೇ ನನಗೆ ಒಗ್ಗುವುದೆಂದೂ ಹೇಳಿದ್ದರು. ಅದನ್ನು ನಂಬಿ ತುಟಿ, ಉಗುರು, ಉಡುಪು, ಕೈಚೀಲ ಎಲ್ಲವನ್ನೂ ಕೆಂಪಾಗಿಸಿಕೊಂಡು ಕೆಲವು ತಿಂಗಳು ಕಳೆದೆ. ಕನ್ನಡಿಯ ಮುಂದೆ ನಿಂತಾಗಲೆಲ್ಲ ಮೊದಲು ಉಡುಪು ಕಣ್ಣಿಗೆ ಬೀಳುತ್ತಿತ್ತು. ಮುಖ ಅದರ ಹಿಂದೆಲ್ಲೋ ಉಳಿದುಬಿಡುತ್ತಿತ್ತು.

ಆ ಬಳಿಕ ನಾನೇ ಕುಳಿತು ಓದಿದಾಗ ತಪ್ಪು ಎಲ್ಲಿತ್ತೆಂಬುದು ತಿಳಿಯಿತು. ಫೆಂಗ್ ಶುಯಿ ಎಂಬ ಚೀನೀ ಪದಕ್ಕೆ ‘ಗಾಳಿ ಮತ್ತು ನೀರು’ ಎಂದರ್ಥ. ‘ಚಿ’ ಎಂಬ ಪ್ರಾಣಶಕ್ತಿ ಗಾಳಿಗೆ ಸಿಕ್ಕಿ ಚದುರುತ್ತದೆ, ನೀರು ಎದುರಾದಲ್ಲಿ ನಿಲ್ಲುತ್ತದೆ ಎಂಬ ಮಾತು ಗುವೋ ಪು (276–324) ರಚಿಸಿದ್ದೆಂದು ಹೇಳಲಾಗುವ ಹಳೆಯ ಗ್ರಂಥದಲ್ಲಿದೆ. ಈ ಶಾಸ್ತ್ರದಲ್ಲಿ ಬೆಟ್ಟ, ತೊರೆ, ಇಳಿಜಾರುಗಳನ್ನು ನೋಡುವ ಆಕಾರ ಪಂಥವೊಂದು, ಲುವೋಪಾನ್ ಎಂಬ ದಿಕ್ಸೂಚಿಯನ್ನೂ ಕಾಲಗಣನೆಯನ್ನೂ ಆಧರಿಸಿದ ಪಂಥ ಇನ್ನೊಂದು. ನೆಲದ ಆಕಾರವನ್ನು ನೋಡದೆ ಲೆಕ್ಕಕ್ಕೆ ಕೈಹಾಕಬಾರದೆಂಬುದನ್ನು ನಾನು ಅಲ್ಲಿಂದ ಕಲಿತೆ. ಹುಟ್ಟಿದ ವರ್ಷದಿಂದ ಬಣ್ಣವನ್ನು ಆರಿಸಿಕೊಂಡ ನಾನು ನಿವೇಶನವನ್ನೇ ನೋಡದೆ ಗೋಡೆಗೆ ಬಣ್ಣ ಬಳಿಯಲು ಹೊರಟಿದ್ದೆ. ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು: ಮೂಲ ಫೆಂಗ್ ಶುಯಿ ಸಮಾಧಿ, ಮನೆ, ಊರುಗಳಿಗೆ ಸಂಬಂಧಿಸಿದ್ದು. ಮುಖವನ್ನು ಓದುವುದು ‘ಮಿಯೆನ್ ಶಿಯಾಂಗ್’ ಎಂಬ ಬೇರೆಯೇ ವಿದ್ಯೆ. ನೆರಳಿನ ಗುಣದ ಯಿನ್, ಬೆಳಕಿನ ಗುಣದ ಯಾಂಗ್ ಎಂಬ ಜೋಡಿ ಮತ್ತು ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳು ಎರಡಕ್ಕೂ ಸಮಾನವಾದುದರಿಂದ ಅವನ್ನು ಒಟ್ಟಿಗೆ ಬಳಸಲು ಸಾಧ್ಯವಾಯಿತು. ಇದರಿಂದ ನನ್ನ ಭಾಗ್ಯ ತೆರೆಯಿತೆಂದು ನಾನು ಹೇಳುವುದಿಲ್ಲ. ನನ್ನನ್ನು ನಾನು ನೋಡಿಕೊಳ್ಳುವ ಕ್ರಮ ಬದಲಾಯಿತೆಂದು ಮಾತ್ರ ಹೇಳಬಲ್ಲೆ.

ಒಳ್ಳೆಯ ನಿವೇಶನದ ಬೆನ್ನಿಗೆ ಬೆಟ್ಟದ ಆಸರೆಯಿರಬೇಕು, ಮುಂದೆ ‘ಮಿಂಗ್ ಟಾಂಗ್’ ಎಂಬ ಬೆಳಕಿನ ಅಂಗಳ ತೆರೆದಿರಬೇಕು. ನನ್ನ ತಲೆಯಲ್ಲಿ ಇದು ತಿರುವುಮುರುವಾಗಿತ್ತು. ಹುಬ್ಬಿನವರೆಗೂ ಇಳಿಬಿದ್ದ ದಟ್ಟವಾದ ಫ್ರಿಂಜ್ ಹಣೆಯನ್ನು ಮುಚ್ಚಿದ್ದರೆ, ಹಿಂದಲೆಯ ಕೂದಲನ್ನು ಲೇಯರ್ ಕಟ್ ಮಾಡಿಸಿ ತೆಳುವಾಗಿಸಿಕೊಂಡಿದ್ದೆ. ಎರಡು ಹುಬ್ಬುಗಳ ನಡುವಿನ ಜಾಗವನ್ನು ಮುಖಶಾಸ್ತ್ರ ‘ಯಿನ್ ಟಾಂಗ್’, ಅಂದರೆ ಮುದ್ರೆಯ ಮಂಟಪ ಎಂದು ಕರೆಯುತ್ತದೆ. ಅದು ತಿಳಿಯಾಗಿಯೂ ಹೊಳಪಾಗಿಯೂ ಇರಬೇಕೆನ್ನುತ್ತದೆ. ಆದ್ದರಿಂದ ಫ್ರಿಂಜನ್ನು ಬೆಳೆಯಲು ಬಿಟ್ಟೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಅದು ಕೆನ್ನೆಮೂಳೆಯ ಕೆಳಗೆ ಇಳಿಯಲು ಎಂಟು ತಿಂಗಳು ಬೇಕಾಯಿತು. ನಡುವಿನ ತಿಂಗಳುಗಳಲ್ಲಿ ಅದನ್ನು ಪಕ್ಕಕ್ಕೆ ತಿರುಚಿ ಪಿನ್ ಹಾಕಿಕೊಳ್ಳುತ್ತಿದ್ದೆ, ಹಿಂದಿನ ಕೂದಲನ್ನು ಮತ್ತೆ ತೆಳುವಾಗಿಸದೆ ತುದಿಯನ್ನಷ್ಟೇ ಸಮಮಾಡಿಸುತ್ತಿದ್ದೆ. ಸ್ಟ್ರೈಟನಿಂಗ್ ಮಾಡುವುದನ್ನೂ ನಿಲ್ಲಿಸಿದೆ. ನೇರ ಗೆರೆಯಲ್ಲಿ ‘ಚಿ’ ರಭಸದಿಂದ ನುಗ್ಗುತ್ತದೆ, ಬಳುಕುವ ದಾರಿಯಲ್ಲಿ ನಿಧಾನವಾಗಿ ಸಾಗುತ್ತದೆ ಎಂಬ ಮಾತು ನನ್ನ ಸಹಜವಾದ ಗುಂಗುರಿನ ಪರವಾಗಿತ್ತು. ಹಣೆ ತೆರೆದುಕೊಂಡ ಮೇಲೆ ಎದುರಿಗಿದ್ದವರು ನನ್ನ ಕಣ್ಣನ್ನು ನೋಡಿ ಮಾತನಾಡುತ್ತಿರುವುದು ನನ್ನ ಗಮನಕ್ಕೆ ಬಂದಿತು. ಬಹುಶಃ ನಾನೇ ತಲೆಯೆತ್ತಿ ನೋಡಲಾರಂಭಿಸಿದ್ದೆ.

ಮೇಕಪ್‌ನಲ್ಲಿ ನನಗೆ ಹೆಚ್ಚು ನೆರವಾದದ್ದು ಐದು ಪರ್ವತಗಳ ಕಲ್ಪನೆ. ಚೀನಾದ ಐದು ಪವಿತ್ರ ಪರ್ವತಗಳನ್ನು ಮುಖಶಾಸ್ತ್ರ ಮುಖದ ಮೇಲೆ ಗುರುತಿಸುತ್ತದೆ: ಹಣೆ ದಕ್ಷಿಣದ ಹೆಂಗ್, ಗದ್ದ ಉತ್ತರದ ಹೆಂಗ್, ಎಡಗೆನ್ನೆ ಪೂರ್ವದ ತಾಯ್, ಬಲಗೆನ್ನೆ ಪಶ್ಚಿಮದ ಹುವಾ, ನಡುವಿನ ಮೂಗು ಸೊಂಗ್. ಸುತ್ತಲಿನ ನಾಲ್ಕು ಪರ್ವತಗಳು ತಗ್ಗಿ ಮೂಗೊಂದೇ ಎದ್ದು ನಿಂತರೆ ಅದು ಆಸರೆಯಿಲ್ಲದ ಒಂಟಿ ಶಿಖರ. ನಾನು ವರ್ಷಗಟ್ಟಲೆ ಮೂಗಿನ ಎರಡೂ ಬದಿಗೆ ಕಾಂಟೂರ್ ಎಂಬ ನೆರಳಿನ ಬಣ್ಣವನ್ನು ಗಾಢವಾಗಿ ಎಳೆದು, ಕೆನ್ನೆಗಳನ್ನೂ ಕಪ್ಪಾಗಿಸಿ ಒಳಕ್ಕೆ ತಳ್ಳಿ, ನನ್ನ ಕೈಯಾರೆ ಅಂಥ ಶಿಖರವನ್ನೇ ಕಟ್ಟಿದ್ದೆ. ಮೂಗಿನ ಕಾಂಟೂರನ್ನು ಪೂರ್ತಿಯಾಗಿ ಬಿಟ್ಟು, ಬ್ಲಶ್ಶನ್ನು ಕೆನ್ನೆಮೂಳೆಯ ಮೇಲ್ಭಾಗಕ್ಕೆ ಏರಿಸಿ, ಗದ್ದದ ನಡುವೆ ಹೈಲೈಟರನ್ನು ಬೆರಳಿನಿಂದ ಒತ್ತಿದೆ. ಮೊದಲ ದಿನವೇ ಮುಖ ಅಗಲವಾಗಿಯೂ ಪ್ರಸನ್ನವಾಗಿಯೂ ಕಂಡಿತು. ಹೊಳಪು ಯಾಂಗ್, ಹೊಳಪಿಲ್ಲದ ಮ್ಯಾಟ್ ಯಿನ್ ಎಂದಿಟ್ಟುಕೊಂಡು, ಕಣ್ಣಿನಲ್ಲಿ ಹೊಳಪಿದ್ದ ದಿನ ತುಟಿಗೆ ಮ್ಯಾಟ್ ಹಚ್ಚುವುದನ್ನೂ ರೂಢಿಸಿಕೊಂಡೆ.

ಮುಖದ ಆಕಾರವನ್ನು ತತ್ತ್ವಗಳಿಗೆ ಹೊಂದಿಸುವಾಗ ಒಂದು ತೊಡಕಿದೆ, ಹೊಸಬರು ಇಲ್ಲಿಯೇ ದಾರಿ ತಪ್ಪುತ್ತಾರೆ. ಫೆಂಗ್ ಶುಯಿ ನೋಡುವ ನೆಲದ ಆಕಾರಗಳಲ್ಲಿ ಲೋಹ ದುಂಡಗಿನದು, ಮಣ್ಣು ಚೌಕ, ನೀರು ಅಲೆಯಂಥದ್ದು. ಮುಖಶಾಸ್ತ್ರದಲ್ಲಾದರೋ ಲೋಹದ ಮುಖ ಚೌಕ, ನೀರಿನದು ದುಂಡು. ಎರಡನ್ನೂ ಬೆರೆಸಿ ಓದಿ ನಾನು ಬಹಳ ದಿನ ಗೊಂದಲದಲ್ಲಿದ್ದೆ. ಮರ ಮಾತ್ರ ಎರಡರಲ್ಲಿಯೂ ಉದ್ದವಾದದ್ದು, ನನ್ನ ಮುಖವೂ ಉದ್ದವಾಗಿರುವುದರಿಂದ ನನ್ನ ಮಟ್ಟಿಗೆ ಸಮಸ್ಯೆ ಬಗೆಹರಿಯಿತು. ಕೂದಲಿಗೂ ಉಡುಪಿಗೂ ನಾನು ನೆಲದ ಆಕಾರಗಳನ್ನೇ ಅನುಸರಿಸುತ್ತೇನೆ. ಮುಖ ಇನ್ನಷ್ಟು ಉದ್ದ ಕಾಣದಿರಲೆಂದು ಉದ್ದನೆಯ ಓಲೆಗಳನ್ನು ಬಿಟ್ಟು ದುಂಡಗಿನವನ್ನು ತೊಡುತ್ತೇನೆ, ಉದ್ದ ಪಟ್ಟೆಗಳ ಬಟ್ಟೆಯನ್ನು ಕೊಳ್ಳುವುದಿಲ್ಲ.

ಇಷ್ಟಾದ ಮೇಲೆಯೇ ಬಣ್ಣಕ್ಕೆ ಮರಳಿದ್ದು. ಮರ ಬೆಂಕಿಯನ್ನು ಹುಟ್ಟಿಸುತ್ತದೆ, ಬೆಂಕಿ ಮಣ್ಣನ್ನು, ಮಣ್ಣು ಲೋಹವನ್ನು, ಲೋಹ ನೀರನ್ನು, ನೀರು ಮತ್ತೆ ಮರವನ್ನು. ಇದು ಪೋಷಣೆಯ ಚಕ್ರ. ನೀರು ಬೆಂಕಿಯನ್ನು ಆರಿಸುವುದು, ಬೆಂಕಿ ಲೋಹವನ್ನು ಕರಗಿಸುವುದು ಮುಂತಾದವು ನಿಯಂತ್ರಣದ ಚಕ್ರಕ್ಕೆ ಸೇರುತ್ತವೆ. ಕಪ್ಪು ಉಡುಪಿನೊಂದಿಗೆ ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡಾಗ ನನಗೆ ಏಕೆ ಬಿರುಸಾಗಿ ಕಾಣುತ್ತಿತ್ತೆಂಬುದನ್ನು ಇದೇ ವಿವರಿಸಿತು: ಕಪ್ಪು ನೀರಿನ ಬಣ್ಣ, ಕೆಂಪು ಬೆಂಕಿಯದು, ನಡುವೆ ಮಧ್ಯಸ್ಥರಿಲ್ಲ. ನೀರು ಮರವನ್ನು ಪೋಷಿಸಿ, ಮರ ಬೆಂಕಿಯನ್ನು ಪೋಷಿಸುವುದರಿಂದ ಎರಡಕ್ಕೂ ನಡುವಿನ ಸೇತುವೆ ಹಸಿರು. ಕೊರಳಿಗೆ ತೆಳ್ಳನೆಯ ಹಸಿರು ಸ್ಕಾರ್ಫ್ ಸುತ್ತಿಕೊಂಡರೆ ಸಾಕು, ಕಪ್ಪೂ ಕೆಂಪೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅದೃಷ್ಟದ ಬಣ್ಣಗಳ ಪಟ್ಟಿಗಿಂತ ಈ ಸೇತುವೆಯ ಉಪಾಯ ನನಗೆ ನೂರು ಪಾಲು ಹೆಚ್ಚು ಉಪಯೋಗಕ್ಕೆ ಬಂದಿದೆ.

ಪ್ರಸಾಧನದ ಮೇಜನ್ನೂ ಇದರ ಜೊತೆಗೇ ತೆರವು ಮಾಡಿದೆ. ಪ್ರಸಾಧನಗಳ ಮೇಲೆ ಮುದ್ರಿಸಿರುವ ತೆರೆದ ಡಬ್ಬಿಯ ಚಿತ್ರದೊಳಗೆ, ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ಸೂಚಿಸುವ ಸಂಖ್ಯೆಯನ್ನು ನೋಡಿ, ಅವಧಿ ಮೀರಿದ್ದನ್ನೆಲ್ಲ ಎಸೆದೆ. ಮಸ್ಕರಾವನ್ನು ಮೂರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ಈಗ ನನ್ನ ಬಲ ಕಣತಲೆಯಲ್ಲಿ ಬಿಳಿಗೂದಲು ಮೂಡತೊಡಗಿದೆ. ಬಲಗಡೆ ಪಶ್ಚಿಮ, ಪಶ್ಚಿಮದ ತತ್ತ್ವ ಲೋಹ, ಲೋಹದ ಬಣ್ಣ ಬಿಳಿ. ಲೋಹ ನೀರನ್ನು ಪೋಷಿಸುವುದರಿಂದ ಉಳಿದ ಕಪ್ಪು ಕೂದಲಿಗೆ ಅದು ವೈರಿಯಲ್ಲ. ಬಣ್ಣ ಹಚ್ಚದೆ ನಾಲ್ಕು ತಿಂಗಳಾದವು. ಬೈತಲೆಯನ್ನು ಎಡಕ್ಕೆ ಸರಿಸಿ, ಆ ಎಳೆಗಳು ಕಾಣುವಂತೆಯೇ ಕೂದಲನ್ನು ಹಿಂದಕ್ಕೆ ಬಾಚಿ ತುರುಬು ಕಟ್ಟುತ್ತಿದ್ದೇನೆ.