ಡೆಡಿಕೇಟೆಡ್ ಕ್ಲೌಡ್ ಸರ್ವರ್ ಬೇಕಾ, ಬೇಡ್ವಾ? ದುಡ್ಡು ಕಟ್ಟುವ ಮುಂಚೆ ಹೀಗೆ ನೋಡಿ

ದಸರಾ ಹತ್ತಿರ ಬರುವ ಹೊತ್ತಿಗೆ ಮೈಸೂರಿನ ಹೋಟೆಲ್, ಹೋಮ್‌ಸ್ಟೇ, ಸೀರೆ ಅಂಗಡಿಯವರಿಗೆಲ್ಲ ಒಂದೇ ಚಿಂತೆ: ವೆಬ್‌ಸೈಟ್ ಸ್ಲೋ ಆಗಿದೆ. ಅದೇ ಹೊತ್ತಿಗೆ ಯಾರೋ ಮಾರಾಟದವರು ಫೋನ್ ಮಾಡಿ, "ಡೆಡಿಕೇಟೆಡ್ ಸರ್ವರ್ ತಗೊಂಡ್ಬಿಡಿ ಸಾರ್, ಎಲ್ಲ ಸರಿಹೋಗುತ್ತೆ" ಅಂದುಬಿಡುತ್ತಾರೆ. ಕೆಲವರಿಗೆ ನಿಜವಾಗಿಯೂ ಸರಿಹೋಗುತ್ತದೆ. ಆದರೆ ನಮ್ಮ ಕಡೆಯ ಬಹುಪಾಲು ಸಣ್ಣ ವ್ಯಾಪಾರಗಳಿಗೆ ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಮಗೆ ಬೇಕೋ ಬೇಡವೋ ಅಂತ ನೀವೇ ನೋಡಿಕೊಳ್ಳಬಹುದು.

ಸರ್ವರ್ ಅಂದರೆ ನಿಮ್ಮ ವೆಬ್‌ಸೈಟ್ ಓಡುವ ಕಂಪ್ಯೂಟರ್, ಕ್ಲೌಡ್ ಅಂದರೆ ಅದನ್ನು ಇಂಟರ್ನೆಟ್ ಮೂಲಕ ಕಂಪನಿಯಿಂದ ಬಾಡಿಗೆಗೆ ಪಡೆಯುವುದು. ಮಾಮೂಲಿ ಕ್ಲೌಡ್ ಸರ್ವರ್ ವಠಾರದ ಮನೆ ಇದ್ದ ಹಾಗೆ. ಒಂದು ದೊಡ್ಡ ಯಂತ್ರವನ್ನು ಸಾಫ್ಟ್‌ವೇರ್‌ನಿಂದ ಭಾಗ ಮಾಡಿ, ಹತ್ತಾರು ಗ್ರಾಹಕರಿಗೆ ಒಂದೊಂದು ವರ್ಚುವಲ್ ಮೆಷಿನ್ ಕೊಟ್ಟಿರುತ್ತಾರೆ. ಡೆಡಿಕೇಟೆಡ್‌ನಲ್ಲಿ ಇಡೀ ಯಂತ್ರ ನಿಮ್ಮದೇ. ಬೇರೆಯವರ ಕೆಲಸ ಅಲ್ಲಿ ನಡೆಯುವುದಿಲ್ಲ. ಬಾಡಿಗೆಯೂ ಇಡೀ ಯಂತ್ರದ್ದೇ, ನೀವು ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮೊದಲು ನಿಧಾನ ಯಾಕೆ ಅಂತ ಪತ್ತೆ ಮಾಡಿ

ಇದೇ ಮುಖ್ಯ ಕೆಲಸ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಲಿನಕ್ಸ್ ಸರ್ವರ್ ಆದರೆ ನಿಮ್ಮ ಟೆಕ್ನಿಷಿಯನ್‌ಗೆ ಹೇಳಿ, ಜನ ಜಾಸ್ತಿ ಇರುವ ಹೊತ್ತಲ್ಲಿ 'ಟಾಪ್' ಕಮಾಂಡ್ ಓಡಿಸಿ ನೋಡಿಸಿ. ಮೇಲೆ ಸಿಪಿಯು ಸಾಲಿನ ಕೊನೆಯಲ್ಲಿ 'ಎಸ್‌ಟಿ' ಅಂತ ಒಂದು ಅಂಕಿ ಇರುತ್ತದೆ. ನಿಮ್ಮ ಮೆಷಿನ್ ಕೆಲಸ ಮಾಡಲು ತಯಾರಿದ್ದರೂ ಅಸಲಿ ಸಿಪಿಯು ಸಿಗದೆ ಕಾಯುತ್ತಾ ಕೂತ ಸಮಯ ಅದು. ಅದು ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ ಅಕ್ಕಪಕ್ಕದವರ ಕಾಟ ಇಲ್ಲ ಅಂತಲೇ ಲೆಕ್ಕ, ಆಗ ತೊಂದರೆ ಹೆಚ್ಚಾಗಿ ನಿಮ್ಮ ಸೈಟಿನಲ್ಲೇ ಇರುತ್ತದೆ: ಮೊಬೈಲ್‌ನಲ್ಲಿ ತೆಗೆದ ಸೀರೆಯ ಫೋಟೊವನ್ನು ಕುಗ್ಗಿಸದೆ ಹಾಗೇ ಏರಿಸಿರಬಹುದು, ಡೇಟಾಬೇಸ್‌ಗೆ ಇಂಡೆಕ್ಸ್ (ಮಾಹಿತಿ ಬೇಗ ಹುಡುಕಿಕೊಡುವ ಪಟ್ಟಿ) ಇಲ್ಲದೆ ಇರಬಹುದು. ಅದನ್ನು ಯಾವ ಸರ್ವರ್ರೂ ರಿಪೇರಿ ಮಾಡಿಕೊಡುವುದಿಲ್ಲ.

ಆ 'ಎಸ್‌ಟಿ' ಅಂಕಿ ಗಂಟೆಗಟ್ಟಲೆ ಶೇ ಹತ್ತು ದಾಟಿ ನಿಂತಿದ್ದರೆ? ಆಗಲೂ ಡೆಡಿಕೇಟೆಡ್‌ಗೆ ಹಾರಬೇಡಿ. ನಿಮ್ಮ ಮೆಷಿನ್ ಅಮೆಜಾನ್ ಕ್ಲೌಡ್‌ನ ಟಿ ಸರಣಿಯದ್ದೋ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಬಿ ಸರಣಿಯದ್ದೋ ನೋಡಿ. ಇವು ಅಗ್ಗದವು, ಸುಮ್ನೆ ಇರುವ ಹೊತ್ತಲ್ಲಿ ಕ್ರೆಡಿಟ್ (ಸಿಪಿಯು ಬಳಸುವ ಪಾಲು) ಕೂಡಿಟ್ಟು ಕೆಲಸ ಬಂದಾಗ ಖರ್ಚು ಮಾಡುವಂಥವು. ಕ್ರೆಡಿಟ್ ಮುಗಿದರೆ ವೇಗ ಕಟ್ ಆಗಬಹುದು, ಅದೂ 'ಎಸ್‌ಟಿ'ಯಲ್ಲೇ ಕಾಣಿಸಿಕೊಳ್ಳಬಹುದು. ಅಂಥ ಕಡೆ ಕ್ರೆಡಿಟ್ ಲೆಕ್ಕವಿಲ್ಲದ ಮಾಮೂಲಿ ಸರಣಿಗೆ ಬದಲಾಯಿಸಿದರೆ ಸಾಕು. ಮಾರಾಟದವರು ಇದನ್ನು ತಾವಾಗಿ ಹೇಳುವುದು ಕಡಿಮೆ, ಬಿಡಿ.

ಲೋಡ್ ಯಾವ ಆಕಾರದ್ದು?

ಕ್ಲೌಡ್ ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲಿ ಸಿಪಿಯು ಬಳಕೆಯ ಗ್ರಾಫ್ ಸಿಗುತ್ತದೆ. ಹಿಂದಿನ ಎರಡು ಮೂರು ತಿಂಗಳದ್ದು ತೆಗೆದು ನೋಡಿ. ಮಂಡ್ಯ ಕಡೆಯ ಹಾಲಿನ ಡೇರಿಯ ಲೆಕ್ಕ ಇಡುವ ಸಾಫ್ಟ್‌ವೇರ್ ಆದರೆ ಬೆಳಿಗ್ಗೆ ಒಂದು ಗುಡ್ಡ, ಸಂಜೆ ಒಂದು ಗುಡ್ಡ, ಉಳಿದ ಹೊತ್ತೆಲ್ಲ ಬಯಲು. ಹೋಟೆಲ್ ಬುಕಿಂಗ್ ಆದರೆ ದಸರೆಗೆ ಒಂದು ಬೆಟ್ಟ, ಆಮೇಲೆ ವಾರಾಂತ್ಯದ ದಿಣ್ಣೆಗಳು. ಇವೆರಡಕ್ಕೂ ಡೆಡಿಕೇಟೆಡ್ ದಂಡ.

ಲೆಕ್ಕ ಹಾಕೋಣ. ದರ ಸುಮ್ನೆ ಉದಾಹರಣೆಗೆ, ನಿಮ್ಮ ಕೊಟೇಶನ್‌ನಲ್ಲಿರುವುದನ್ನು ಹಾಕಿಕೊಳ್ಳಿ. ಗಂಟೆಗೆ 8 ರೂಪಾಯಿಯ ಒಂದು ವರ್ಚುವಲ್ ಮೆಷಿನ್ ತಿಂಗಳಿಡೀ, ಅಂದರೆ 730 ಗಂಟೆ, ಓಡಿದರೆ 5,840 ರೂಪಾಯಿ. ವರ್ಷಕ್ಕೆ 70,080. ದಸರೆಯ 10 ದಿನ ಅಂಥದ್ದೇ ಇನ್ನೂ ಮೂರು ಸೇರಿಸಿಕೊಂಡರೆ ಮೇಲೆ 5,760. ಒಟ್ಟು 75,840. ತಿಂಗಳಿಗೆ 25,000ದ ಡೆಡಿಕೇಟೆಡ್ ತೆಗೆದುಕೊಂಡರೆ ವರ್ಷಕ್ಕೆ 3 ಲಕ್ಷ. ಅದೇ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ, ಮೂರು ಶಿಫ್ಟ್ ಕೆಲಸ ನಡೆಯುವ ಕಡೆ, ಅಂಥ ಆರು ಮೆಷಿನ್ ಹಗಲೂ ರಾತ್ರಿ ಬೇಕು ಅಂದುಕೊಳ್ಳಿ: ತಿಂಗಳಿಗೆ 35,040 ಆಯಿತು. ಆ ಆರರ ಕೆಲಸವನ್ನೂ ಆ 25,000ದ ಯಂತ್ರ ಎಳೆಯುವುದಾದರೆ ಅಲ್ಲಿ ಡೆಡಿಕೇಟೆಡ್ಡೇ ಅಗ್ಗ. ಹೋಲಿಸುವಾಗ ಡೇಟಾ ಹೊರಗೆ ಹೋಗುವುದಕ್ಕೆ ಹಾಕುವ ಚಾರ್ಜ್, ಬ್ಯಾಕಪ್ ಜಾಗ, ಶೇ 18 ಜಿಎಸ್‌ಟಿ ಎಲ್ಲ ಸೇರಿಸಿಯೇ ನೋಡಿ. ಬಿಲ್ ಡಾಲರ್‌ನಲ್ಲಿ ಬರುತ್ತಾ ಅಂತಲೂ ಕೇಳಿ.

ವೇಗ ಬಿಟ್ಟು ಬೇರೆ ಕಾರಣ ಇದೆಯಾ?

ಇದ್ದರೆ ಅದು ಹೆಚ್ಚಾಗಿ ಲೈಸೆನ್ಸ್. ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಥರದ ಡೇಟಾಬೇಸ್ ಸಾಫ್ಟ್‌ವೇರ್‌ಗಳನ್ನು ಪ್ರೊಸೆಸರ್ ಅಥವಾ ಅದರೊಳಗಿನ ಕೋರ್‌ಗಳ ಲೆಕ್ಕದಲ್ಲಿ ಮೊದಲೇ ಕೊಂಡಿದ್ದರೆ, ಅವನ್ನು ಕ್ಲೌಡ್‌ಗೆ ಒಯ್ಯುವಾಗ ಇಡೀ ಯಂತ್ರ ನಿಮ್ಮ ಹೆಸರಲ್ಲಿರುವುದು ಎಷ್ಟೋ ಸಲ ಲಾಭ. ಅದಕ್ಕೆಂದೇ 'ಡೆಡಿಕೇಟೆಡ್ ಹೋಸ್ಟ್' ಕೊಡುತ್ತಾರೆ. ಇನ್ನು ಕೆಲವು ದೊಡ್ಡ ಗ್ರಾಹಕರು ತಮ್ಮ ಡೇಟಾ ಬೇರೆಯವರ ಜೊತೆ ಒಂದೇ ಯಂತ್ರದಲ್ಲಿ ಇರಬಾರದು ಅಂತ ಕರಾರಿನಲ್ಲೇ ಬರೆದಿರುತ್ತಾರೆ. ಹಾಗಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು.

"ಸರ್ಕಾರದ ರೂಲ್ಸ್ ಪ್ರಕಾರ ಡೆಡಿಕೇಟೆಡ್ಡೇ ಬೇಕು" ಅಂತ ಯಾರಾದರೂ ಹೆದರಿಸಿದರೆ ಯಾವ ರೂಲ್ ಅಂತ ತೋರಿಸಲು ಹೇಳಿ. ಉದಾಹರಣೆಗೆ, ಪಾವತಿ ಮಾಹಿತಿ ಭಾರತದೊಳಗೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ್ದು ಜಾಗದ ಬಗ್ಗೆ, ಯಂತ್ರ ಯಾರ ಜೊತೆ ಹಂಚಿಕೊಂಡಿದ್ದೀರಿ ಅನ್ನುವುದರ ಬಗ್ಗೆ ಅಲ್ಲ. ಮಾಮೂಲಿ ಕ್ಲೌಡ್ ಕೂಡ ಭಾರತದೊಳಗೇ ಸಿಗುತ್ತದೆ: ಅಮೆಜಾನ್‌ಗೆ ಮುಂಬೈನಲ್ಲಿ 2016ರಿಂದ, ಹೈದರಾಬಾದ್‌ನಲ್ಲಿ 2022ರಿಂದ ಕೇಂದ್ರಗಳಿವೆ. ಅಗ್ಗ ಅಂತ ಯುರೋಪಿನ ಸರ್ವರ್ ಹಿಡಿದರೆ ಇಲ್ಲಿಂದ ಹೋಗಿ ಬರುವುದಕ್ಕೇ 100 ಮಿಲಿಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಪುಟ ತೆರೆಯುವಾಗ ಹಾಗೆ ಎಷ್ಟೋ ಸಲ ಹೋಗಿ ಬರಬೇಕಲ್ವಾ?

ಯಾರು ನೋಡಿಕೊಳ್ಳುತ್ತಾರೆ?

ಅಗ್ಗದ ಡೆಡಿಕೇಟೆಡ್ ಸರ್ವರ್‌ಗಳಲ್ಲಿ ಹೆಚ್ಚಿನವು 'ಅನ್‌ಮ್ಯಾನೇಜ್ಡ್', ಅಂದರೆ ಕಂಪನಿ ನೋಡಿಕೊಳ್ಳುವುದಿಲ್ಲ. ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲ ನಿಮ್ಮ ತಲೆ ಮೇಲೆ. ಸೈಬರ್ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸರ್ವರ್‌ನಲ್ಲಿ ನಡೆದದ್ದರ ದಾಖಲೆ) 180 ದಿನ ಇಟ್ಟಿರಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶ ಹೊರಡಿಸಿದೆ. ಇದನ್ನೆಲ್ಲ ಮಾಡುವವರು ನಿಮ್ಮಲ್ಲಿ ಯಾರು? ವಾರಕ್ಕೊಮ್ಮೆ ಬಂದು ಹೋಗುವ ಕಂಪ್ಯೂಟರ್ ಹುಡುಗನೇ ಉತ್ತರ ಆದರೆ 'ಮ್ಯಾನೇಜ್ಡ್' ಸೇವೆಯ ದರ ಕೇಳಿ, ಮೇಲಿನ ಲೆಕ್ಕವನ್ನು ಇನ್ನೊಂದು ಸಲ ಹಾಕಿ.

ಯಂತ್ರ ಕೆಟ್ಟರೆ ಏನು ಅನ್ನುವುದನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವರ್ಚುವಲ್ ಮೆಷಿನ್ ಆದರೆ ಬೇರೆ ಯಂತ್ರದ ಮೇಲೆ ಮತ್ತೆ ಎಬ್ಬಿಸಿ ನಿಲ್ಲಿಸುವುದು ಸುಲಭ, ಡೆಡಿಕೇಟೆಡ್ ಆದರೆ ಬಿಡಿಭಾಗ ಬದಲಾಯಿಸುವ ತನಕ ಕಾಯಬೇಕಾಗಬಹುದು. 99.9 ಶೇಕಡಾ ಅಪ್‌ಟೈಮ್ (ಸರ್ವರ್ ಓಡುತ್ತಿರುವ ಸಮಯ) ಭರವಸೆ ಅಂದರೆ ತಿಂಗಳಿಗೆ 43 ನಿಮಿಷ ನಿಂತರೂ ಅವರು ಮಾತಿಗೆ ತಪ್ಪಿದಂತೆ ಆಗುವುದಿಲ್ಲ.

ಇಷ್ಟೆಲ್ಲ ನೋಡಿಯೂ ಬೇಕು ಅನ್ನಿಸಿದರೆ ಒಂದು ತಿಂಗಳಿಗೆ ಮಾತ್ರ ತೆಗೆದುಕೊಳ್ಳಿ. ಮೂರು ವರ್ಷದ ರಿಯಾಯಿತಿ ಎಲ್ಲೂ ಓಡಿಹೋಗುವುದಿಲ್ಲ. ಬದಲಾಯಿಸುವ ಹಿಂದಿನ ದಿನ ಡಿಎನ್‌ಎಸ್‌ನ (ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸ ಎಷ್ಟು ಹೊತ್ತು ನೆನಪಿರುತ್ತದೆ ಅನ್ನುವುದನ್ನು, 300 ಸೆಕೆಂಡಿಗೆ ಇಳಿಸಿ, ಹಳೆಯ ಸರ್ವರನ್ನು ಎರಡು ವಾರವಾದರೂ ಹಾಗೇ ಇರಲು ಬಿಡಿ. ಈ ಕೆಲಸಕ್ಕೆ ದಸರಾ ತಿಂಗಳು ಮಾತ್ರ ಬೇಡ.