ಮಿದುಳಿನ ರಕ್ತದ ಹರಿವು: ಎಂಆರ್‌ಐ ವಿಧಾನಗಳನ್ನು ಹೋಲಿಸುವುದು ಹೇಗೆ?

ಮಿದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು ಮಾತ್ರ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಶೇ 15 ಅದಕ್ಕೇ ಬೇಕು. ಈ ಹರಿವನ್ನು ಅಳೆಯಲು ಎಂಆರ್‌ಐನಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲು ನಿಮಗೆ ಏನು ತಿಳಿಯಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಇಡೀ ಮಿದುಳಿಗೆ ಹೋಗುವ ಒಟ್ಟು ರಕ್ತದ ಲೆಕ್ಕ ಸಾಕಾ? ಹಾಗಾದರೆ ಫೇಸ್ ಕಾಂಟ್ರಾಸ್ಟ್ ಆರಿಸಿಕೊಳ್ಳಿ. ಕುತ್ತಿಗೆಯ ನಾಲ್ಕು ಮುಖ್ಯ ನಾಳಗಳಲ್ಲಿ ರಕ್ತದ ವೇಗವನ್ನು ಇದು ಅಳೆಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಒಟ್ಟು ಹರಿವು ನಿಮಿಷಕ್ಕೆ ಸುಮಾರು 700 ಮಿಲಿ. ಯಾವ ಭಾಗಕ್ಕೆ ಕಡಿಮೆ ಹೋಗುತ್ತಿದೆ ಅನ್ನುವುದು ಮಾತ್ರ ಇದರಲ್ಲಿ ಕಾಣುವುದಿಲ್ಲ.

ಭಾಗವಾರು ಚಿತ್ರ ಬೇಗ ಬೇಕಿದ್ದರೆ ಡಿಎಸ್‌ಸಿ (ಡೈನಾಮಿಕ್ ಸಸೆಪ್ಟಿಬಿಲಿಟಿ ಕಾಂಟ್ರಾಸ್ಟ್) ಇದೆ. ಗ್ಯಾಡೊಲಿನಿಯಂ ಔಷಧಿಯನ್ನು ರಕ್ತನಾಳಕ್ಕೆ ರಭಸವಾಗಿ ಚುಚ್ಚುತ್ತಾರೆ. ಅದು ಮಿದುಳನ್ನು ದಾಟುವಾಗ ಸಿಗ್ನಲ್ ಎಷ್ಟು ಕುಸಿಯಿತು ಅಂತ ನೋಡುತ್ತಾರೆ. ಎರಡು ನಿಮಿಷದೊಳಗೆ ಮುಗಿಯುತ್ತದೆ. ಬರುವ ಅಂಕಿಯನ್ನು ನೇರವಾಗಿ ನಂಬಬೇಡಿ, ಎಡಬಲ ಹೋಲಿಸಲು ಬಳಸಿ. ಕಿಡ್ನಿ ತೀರಾ ಹಾಳಾಗಿರುವವರಿಗೆ ಈ ಔಷಧಿ ಕೊಡುವ ಮುಂಚೆ ಜಾಸ್ತಿ ಎಚ್ಚರ ಬೇಕು.

ಮೂರನೆಯದು ಎಎಸ್‌ಎಲ್, ಅಂದರೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್. ನನಗೆ ತುಂಬಾ ಇಷ್ಟವಾದ ವಿಧಾನ, ಸೂಜಿಯೇ ಬೇಡ ಅಲ್ವಾ! ಕುತ್ತಿಗೆಯಲ್ಲಿ ಹರಿಯುವ ರಕ್ತದ ನೀರಿಗೇ ರೇಡಿಯೊ ಅಲೆಗಳಿಂದ ಗುರುತು ಹಾಕುತ್ತಾರೆ. ಸುಮಾರು 1.8 ಸೆಕೆಂಡ್ ಕಾದು ಚಿತ್ರ ತೆಗೆಯುತ್ತಾರೆ. ಗುರುತು ಹಾಕದೆ ಇನ್ನೊಂದು ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ವ್ಯತ್ಯಾಸ ಶೇ 1ರ ಆಸುಪಾಸು ಅಷ್ಟೇ. ಅದಕ್ಕೇ ಹಲವು ನಿಮಿಷ ಇದನ್ನೇ ಮಾಡುತ್ತಿರಬೇಕು, ತಲೆ ಅಲ್ಲಾಡಬಾರದು.

ಈ ಕಾಯುವ ಹೊತ್ತೇ ಇಲ್ಲಿ ದೊಡ್ಡ ವಿಷಯ. 3 ಟೆಸ್ಲಾ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿ ರಕ್ತದ ಟಿ1, ಅಂದರೆ ಗುರುತು ಎಷ್ಟು ಬೇಗ ಮಾಸುತ್ತದೆ ಅನ್ನುವುದರ ಅಳತೆ, ಸುಮಾರು 1.65 ಸೆಕೆಂಡ್. ಅಂದರೆ ಗುರುತು ಬಹಳ ಬೇಗ ಮಾಸುತ್ತದೆ. ನಾಳ ಕಿರಿದಾಗಿ ರಕ್ತ ತಡವಾಗಿ ಬಂದರೆ ಆ ಭಾಗ ಕಪ್ಪಾಗಿ ಕಾಣುತ್ತದೆ. ನಿಜಕ್ಕೂ ಅಲ್ಲಿಗೆ ರಕ್ತ ಸಾಕಷ್ಟು ಸಿಗುತ್ತಿರಬಹುದು! ಪಕ್ಕದ ನಾಳಗಳಲ್ಲಿ ಬಿಳಿ ಚುಕ್ಕೆಗಳಿವೆಯಾ ನೋಡಿ. ಇದ್ದರೆ, ಬೇರೆಬೇರೆ ಹೊತ್ತು ಕಾದು ಮತ್ತೆ ಅಳೆಯಿಸಿ.

ಈಗ ಹೋಲಿಕೆ. ಒಬ್ಬರನ್ನೇ, ಒಂದೇ ದಿನ, ಒಂದೇ ಯಂತ್ರದಲ್ಲಿ ಅಳೆಯಿರಿ. ಕಾಫಿ ಕುಡಿದಿದ್ದರೆ ಹರಿವು ಕಡಿಮೆಯಾಗುತ್ತದೆ, ಹಾಗಾಗಿ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಫೇಸ್ ಕಾಂಟ್ರಾಸ್ಟ್‌ನ ಒಟ್ಟು ಲೆಕ್ಕವನ್ನು ಮಿದುಳಿನ ತೂಕದಿಂದ ಭಾಗಿಸಿ, ಎಎಸ್‌ಎಲ್‌ನ ಸರಾಸರಿ ಪಕ್ಕ ಇಡಿ. ಎರಡೂ ಒಟ್ಟಿಗೆ ಏರಿಳಿದರೆ ಸಾಲದು. ಒಂದು ಯಾವಾಗಲೂ ಇನ್ನೊಂದಕ್ಕಿಂತ ಜಾಸ್ತಿ ತೋರಿಸುತ್ತಿರಬಹುದು, ಆ ಅಂತರವನ್ನೂ ನೋಡಿ. ಡಿಎಸ್‌ಸಿಯನ್ನು ಕೊನೆಗೇ ಮಾಡಿಸಿ. ಗ್ಯಾಡೊಲಿನಿಯಂ ರಕ್ತಕ್ಕೆ ಸೇರಿದ ಮೇಲೆ ಎಎಸ್‌ಎಲ್ ಗುರುತು ಇನ್ನೂ ಬೇಗ ಅಳಿಸಿಹೋಗುತ್ತದೆ.