ಪಾರ್ಕಿನ್ಸನ್ ಕಾಯಿಲೆ ಇದ್ದವರು ಉದ್ಯೋಗದಲ್ಲಿ ಮುಂದುವರಿಯುವ ಬಗೆ

ಪಾರ್ಕಿನ್ಸನ್ ಎಂದರೆ ನಿವೃತ್ತರಿಗೆ ಬರುವ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹೆಚ್ಚಿನವರಲ್ಲಿ ಅದು 60ರ ಆಸುಪಾಸಿನಲ್ಲಿ ಅಥವಾ ಅನಂತರ ಕಾಣಿಸಿಕೊಳ್ಳುವುದು ನಿಜವಾದರೂ, 50 ತುಂಬುವ ಮೊದಲೇ, ಮಕ್ಕಳ ಓದು, ಮನೆ ಸಾಲದ ಕಂತು ಎಲ್ಲವೂ ಬಾಕಿ ಇರುವಾಗಲೇ, ಅದಕ್ಕೆ ಗುರಿಯಾಗುವವರೂ ಇದ್ದಾರೆ. ರೋಗದ ಹೆಸರು ತಿಳಿದ ವಾರದಲ್ಲೇ ಮನೆಯಲ್ಲಿ ಏಳುವ ಪ್ರಶ್ನೆ, ಕೆಲಸ ಬಿಟ್ಟುಬಿಡುವುದು ಲೇಸೇ ಎಂಬುದು. ಮೊದಲ ವರ್ಷದಲ್ಲಿ ರಾಜೀನಾಮೆ ಪತ್ರ ಬರೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಔಷಧದ ಪ್ರಮಾಣ ದೇಹಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಹೊಂದಿಕೊಂಡ ಮೇಲೆ ಹಲವರು ವರ್ಷಗಟ್ಟಲೆ ದುಡಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕಾನೂನು ನೀಡುವ ರಕ್ಷಣೆಯ ಬಹುಭಾಗ ಹುದ್ದೆಯಲ್ಲಿ ಇರುವವರಿಗೆ ಸಲ್ಲುತ್ತದೆ, ಹುದ್ದೆ ಬಿಟ್ಟು ಬಂದವರಿಗಲ್ಲ.

ಮೊದಲು ಮಾಡಬೇಕಾದ ಕೆಲಸ, ದಿನವನ್ನು ಕಚೇರಿಯ ಗಡಿಯಾರಕ್ಕಿಂತ ಮಾತ್ರೆಯ ವೇಳೆಯಿಂದ ಅಳೆಯಲು ಕಲಿಯುವುದು. ಮಿದುಳಿನಲ್ಲಿ, ದೇಹದ ಚಲನೆಯನ್ನು ಸರಾಗಗೊಳಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುವುದರಿಂದ ಈ ಕಾಯಿಲೆ ಬರುತ್ತದೆ. ನಮ್ಮಲ್ಲಿ ಅನೇಕರಿಗೆ ಸಿಂಡೋಪಾ ಎಂಬ ಹೆಸರಿನಲ್ಲಿ ಪರಿಚಿತವಾದ ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ತಾತ್ಕಾಲಿಕವಾಗಿ ತುಂಬುತ್ತದೆ. ಆರಂಭದ ವರ್ಷಗಳಲ್ಲಿ ದಿನವಿಡೀ ಸಮನಾಗಿರುವ ಅದರ ಪರಿಣಾಮ ಕ್ರಮೇಣ ಕೆಲವೇ ಗಂಟೆಗಳಿಗೆ ಇಳಿಯುತ್ತದೆ, ಮುಂದಿನ ಮಾತ್ರೆಯ ವೇಳೆ ಹತ್ತಿರವಾದಂತೆ ಬಿಗಿತ, ನಿಧಾನ, ನಡುಕ ಮರಳುತ್ತವೆ. ಆದ್ದರಿಂದ ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಮಾತ್ರೆ ನುಂಗಿದ ಸಮಯ, ಊಟದ ಸಮಯ, ಕೈಕಾಲು ಹಗುರವಾದ ಮತ್ತು ಮತ್ತೆ ಬಿಗಿದ ಸಮಯಗಳನ್ನು ಬರೆದಿಡಿ. ನಿಮಗೆ ಒಳ್ಳೆಯ ಗಂಟೆಗಳು ಯಾವುವು ಎಂಬುದು ಆಗ ತಾನಾಗಿ ಗೋಚರಿಸುತ್ತದೆ. ಸಭೆ, ಪಾಠ, ಲೆಕ್ಕ ತಪಾಸಣೆ, ಗ್ರಾಹಕರ ಭೇಟಿಯಂಥ ಕೆಲಸಗಳನ್ನು ಆ ಗಂಟೆಗಳಿಗೆ ಹೊಂದಿಸಿ, ಕಡತ ಓದುವುದು, ಫೋನಿನಲ್ಲಿ ಉತ್ತರಿಸುವುದು ಮುಂತಾದವನ್ನು ಉಳಿದ ವೇಳೆಗೆ ಬಿಡಿ. ನರರೋಗ ತಜ್ಞರ ಬಳಿಗೆ ಹೋಗುವಾಗ ಇದೇ ಪುಸ್ತಕವನ್ನು ಕೊಂಡೊಯ್ಯಿರಿ. ಹತ್ತು ನಿಮಿಷದ ಭೇಟಿಯಲ್ಲಿ ಬಾಯಿಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಊಟದ ವಿಷಯದಲ್ಲಿ ಒಂದು ಎಚ್ಚರ ಬೇಕು. ಪ್ರೋಟೀನು ಮತ್ತು ಲೆವೊಡೋಪಾ ಎರಡೂ ಒಂದೇ ದಾರಿಯಿಂದ ರಕ್ತಕ್ಕೆ ಸೇರುವುದರಿಂದ, ಬೇಳೆ, ಮೊಸರು, ಮೊಟ್ಟೆ ಇರುವ ಊಟದ ಜೊತೆಗೇ ಮಾತ್ರೆ ನುಂಗಿದರೆ ಕೆಲವರಲ್ಲಿ ಅದು ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ನುಂಗುವುದು ವಾಡಿಕೆ. ಹೊಟ್ಟೆ ತೊಳಸುವವರು ಒಂದೆರಡು ಬಿಸ್ಕತ್ತಿನೊಂದಿಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಕಬ್ಬಿಣಾಂಶದ ಮಾತ್ರೆಯನ್ನೂ ಇದರಿಂದ ದೂರವಿಡಬೇಕು. ತಲೆಸುತ್ತಿಗೆಂದು ಧಾರಾಳವಾಗಿ ಬರೆದುಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಇವು ಡೋಪಮಿನ್‌ಗೆ ಅಡ್ಡಬಂದು ರೋಗಲಕ್ಷಣಗಳನ್ನು ಹೆಚ್ಚಿಸುತ್ತವೆ. ಆದ್ದರಿಂದ ಬೇರೆ ತೊಂದರೆಗೆ ಕ್ಲಿನಿಕ್ಕಿಗೆ ಹೋದಾಗಲೆಲ್ಲ ಪಾರ್ಕಿನ್ಸನ್ ಇರುವುದನ್ನು ಮೊದಲು ಹೇಳಿ. ಕೆಲಸದ ಒತ್ತಡದಲ್ಲಿ ಮರೆತೋ ಬೇಸತ್ತೋ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ.

ಪಾರ್ಕಿನ್ಸನ್‌ಗೇ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಗಳನ್ನು ತೆಗೆದುಕೊಳ್ಳುವವರು ಇನ್ನೆರಡು ಸಂಗತಿಗಳನ್ನು ತಿಳಿದಿರಬೇಕು. ಕೆಲವರಿಗೆ ಇವುಗಳಿಂದ ಮುನ್ಸೂಚನೆಯಿಲ್ಲದೆ ನಿದ್ದೆ ಬಂದುಬಿಡುತ್ತದೆ. ವಾಹನ ಓಡಿಸುವವರೂ ಯಂತ್ರದ ಮುಂದೆ ನಿಲ್ಲುವವರೂ ಇದನ್ನು ವೈದ್ಯರೊಂದಿಗೆ ಇತ್ಯರ್ಥಪಡಿಸಿಕೊಳ್ಳದೆ ಕೆಲಸಕ್ಕೆ ಇಳಿಯಬಾರದು. ಮತ್ತೆ ಕೆಲವರಲ್ಲಿ ಜೂಜು, ಮಿತಿಮೀರಿದ ಖರೀದಿ ಮುಂತಾದ ಹತೋಟಿಗೆ ಸಿಗದ ಗೀಳು ಹುಟ್ಟುತ್ತದೆ. ಹಣ ನಿರ್ವಹಿಸುವ ಹುದ್ದೆಯಲ್ಲಿರುವವರು ಇದನ್ನು ಮನೆಯವರಿಗೆ ಮೊದಲೇ ತಿಳಿಸಿಟ್ಟರೆ, ಸ್ವಭಾವ ಬದಲಾದುದನ್ನು ಅವರು ಬೇಗ ಗುರುತಿಸುತ್ತಾರೆ. ಇದು ಔಷಧದ ಪರಿಣಾಮ, ಪ್ರಮಾಣ ಬದಲಿಸಿದರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ.

ಯಾರಿಗೆ, ಯಾವಾಗ ಹೇಳಬೇಕು? ಎಲ್ಲರಿಗೂ ಹೇಳಬೇಕೆಂಬ ಕಟ್ಟುಪಾಡಿಲ್ಲ, ಆದರೆ ಮುಚ್ಚಿಡುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಮುಖದ ಸ್ನಾಯುಗಳು ಬಿಗಿಯುವುದರಿಂದ ಭಾವ ಹೊರಗೆ ಕಾಣದೆ, ಸಹೋದ್ಯೋಗಿಗಳು ಅದನ್ನು ಸಿಟ್ಟೆಂದೋ ಉದಾಸೀನವೆಂದೋ ತಿಳಿಯುತ್ತಾರೆ. ಕೈ ನಡುಗಿದರೆ ಕುಡಿತದ ಗುಮಾನಿ ಬರುತ್ತದೆ. ಮೊದಲು ನಿಮ್ಮ ನೇರ ಮೇಲಧಿಕಾರಿಗೆ, ಒಳ್ಳೆಯ ಗಂಟೆಯೊಂದನ್ನು ಆರಿಸಿಕೊಂಡು ಹೇಳಿ. ರೋಗದ ವಿವರಣೆ ಎರಡು ವಾಕ್ಯಗಳಲ್ಲಿ ಮುಗಿಯಲಿ, ಉಳಿದ ಮಾತೆಲ್ಲ ನಿಮಗೆ ಬೇಕಾದ ಅನುಕೂಲಗಳ ಕುರಿತಾಗಿರಲಿ. «ಬೆಳಗಿನ ಮೊದಲ ಅವಧಿಯ ಬದಲು ಎರಡನೆಯದನ್ನು ಕೊಟ್ಟರೆ ಪಾಠ ಸಲೀಸಾಗಿ ನಡೆಸುತ್ತೇನೆ, ಸರ್» ಎಂಬ ಕೋರಿಕೆಯನ್ನು ಮುಖ್ಯೋಪಾಧ್ಯಾಯರು ಒಪ್ಪುವುದು ಸುಲಭ. «ನನಗೆ ಕಷ್ಟವಾಗುತ್ತಿದೆ» ಎಂಬ ಮಾತಿನಿಂದ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಮಾತುಕತೆಯಾದ ನಂತರ ಅದನ್ನೇ ಪತ್ರ ಅಥವಾ ಇಮೇಲ್ ಮೂಲಕ ಕಳಿಸಿ ಸ್ವೀಕೃತಿ ಪಡೆಯಿರಿ.

ಕೈಬರಹದ ತೊಂದರೆಯನ್ನು ಜನರು ಕಡೆಗಣಿಸುವಷ್ಟು ಬೇರೆ ಯಾವುದನ್ನೂ ಕಡೆಗಣಿಸುವುದಿಲ್ಲ. ಈ ಕಾಯಿಲೆಯಲ್ಲಿ ಅಕ್ಷರ ಸಾಲು ಮುಂದುವರಿದಂತೆ ಕಿರಿದಾಗುತ್ತ ಹೋಗುತ್ತದೆ, ಸಹಿಯೂ ಹಾಗೆಯೇ. ಚೆಕ್ ವಾಪಸಾಗುವವರೆಗೆ ಕಾಯದೆ, ಬ್ಯಾಂಕಿನಲ್ಲಿ ಮಾದರಿ ಸಹಿಯನ್ನು ಹೊಸದಾಗಿ ಕೊಡಿ, ಹಣ ಬಿಡುಗಡೆಯ ಅಧಿಕಾರ ಇರುವವರು ಕಚೇರಿಯಲ್ಲೂ ಹಾಗೆ ಮಾಡಿ, ಸಾಧ್ಯವಿದ್ದಲ್ಲಿ ಡಿಜಿಟಲ್ ಸಹಿ ಮಾಡಿಸಿಕೊಳ್ಳಿ. ಬರೆಯಲೇಬೇಕಾದಾಗ ಗೆರೆ ಹಾಕಿದ ಕಾಗದ ಮತ್ತು ದಪ್ಪ ಹಿಡಿಯ ಪೆನ್ನು ನೆರವಾಗುತ್ತವೆ. ಒಂದೇ ಕೀಲಿ ನಾಲ್ಕು ಬಾರಿ ಒತ್ತಿಹೋಗುವವರು ಕಂಪ್ಯೂಟರಿನ ಫಿಲ್ಟರ್ ಕೀಸ್ ಸೌಲಭ್ಯವನ್ನು ಚಾಲೂ ಮಾಡಿ ಮೌಸಿನ ವೇಗ ತಗ್ಗಿಸಿಕೊಳ್ಳಬಹುದು. ಫೋನಿನಲ್ಲಿ ಕನ್ನಡದಲ್ಲೇ ಮಾತನಾಡಿ ಬರೆಸುವ ವ್ಯವಸ್ಥೆ ಈಗ ಸಾಕಷ್ಟು ಪಳಗಿದೆ, ಒತ್ತಕ್ಷರಗಳನ್ನು ಮಾತ್ರ ಒಮ್ಮೆ ತಿದ್ದಬೇಕು. ದನಿ ಕ್ಷೀಣಿಸುವುದು ಉಪಾಧ್ಯಾಯರಿಗೆ ದೊಡ್ಡ ತೊಡಕು; ತಾವು ಜೋರಾಗಿಯೇ ಮಾತನಾಡುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿದರೂ ಹಿಂದಿನ ಬೆಂಚಿಗೆ ಕೇಳಿಸಿರುವುದಿಲ್ಲ. ಕೊರಳಿಗೆ ಹಾಕಿಕೊಳ್ಳುವ ಸಣ್ಣ ಮೈಕ್ ಕೂಡಲೇ ಉಪಯೋಗಕ್ಕೆ ಬರುತ್ತದೆ, ವಾಕ್ ಚಿಕಿತ್ಸಕರ ತರಬೇತಿ ದೀರ್ಘಕಾಲ ಉಳಿಯುತ್ತದೆ. ಬಾಗಿಲಲ್ಲಿ ಹೆಜ್ಜೆ ಅಂಟಿಕೊಂಡಂತಾಗುವವರು ನೆಲದ ಟೈಲ್ಸ್ ಗೆರೆಯನ್ನು ದಾಟುವಂತೆ ಕಾಲೆತ್ತಿದರೆ ನಡಿಗೆ ಮತ್ತೆ ಸಾಗುತ್ತದೆ.

ಇನ್ನು ಕಾಗದಪತ್ರ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿಸಿಯೇ ಸೇರಿವೆ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿದ ಮೇಲೆ ವೈದ್ಯಕೀಯ ಮಂಡಳಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ಇರಬೇಕೆಂಬ ಮಿತಿ ಇದೆ, ಆದರೆ ಅದಕ್ಕಿಂತ ಕಡಿಮೆ ಇದ್ದವರು ಸುಮ್ಮನಾಗಬೇಕಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ನರಸಂಬಂಧಿ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಲೋಕಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು (ಅವರ ಪರವಾಗಿ ಉತ್ತರ ಬರೆಯುವವರನ್ನು) ನಿರಾಕರಿಸಿದ ಪ್ರಕರಣದಲ್ಲಿ, ಸೂಕ್ತ ಹೊಂದಾಣಿಕೆಯ ಹಕ್ಕನ್ನು ಶೇ. 40ರ ಗೆರೆಗೆ ಕಟ್ಟಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು.

ಸರ್ಕಾರಿ ನೌಕರರು ಈ ಅಧಿನಿಯಮದ 20(4)ನೇ ಕಲಮನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ. ಇರುವ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು, ಅದೂ ಇಲ್ಲವಾದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬೇಕು. ರಾಷ್ಟ್ರೀಕೃತ ಬ್ಯಾಂಕುಗಳಿಗೂ ನಿಗಮಗಳಿಗೂ ಇದು ಅನ್ವಯಿಸುತ್ತದೆ. ಖಾಸಗಿಯವರಿಗೆ ಇಷ್ಟು ಬಲವಾದ ಆಸರೆ ಇಲ್ಲ. 20 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಅದರಲ್ಲಿ ವಿಶೇಷ ರಜೆ, ಸಾಧನಗಳು, ಸಂಪರ್ಕಾಧಿಕಾರಿಯ ವಿವರ ನೀಡಬೇಕು. ಎಚ್‌ಆರ್ ವಿಭಾಗಕ್ಕೆ ಬರೆಯುವಾಗ ಮೊದಲು ಆ ನೀತಿಯ ಪ್ರತಿಯನ್ನೇ ಕೇಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ ಮತ್ತೊಂದು ದಾರಿಯಿದೆ: ವಿಸ್ತೃತ ಅನಾರೋಗ್ಯ ಸೌಲಭ್ಯದ ಕಾಯಿಲೆಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದ್ದು, ಎರಡು ವರ್ಷದ ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದವರು ಕೂಲಿಯ ಶೇ. 80ರಷ್ಟನ್ನು ಪಡೆಯಬಹುದು. ದರ್ಜಿ, ಅಂಗಡಿಕಾರ, ಕೃಷಿಕರಂಥ ಸ್ವಂತ ದುಡಿಮೆಯವರಿಗೆ ಇವಾವುವೂ ದಕ್ಕುವುದಿಲ್ಲ ಎಂಬುದನ್ನು ಒಪ್ಪಬೇಕು. ಅವರಿಗೆ ಒದಗುವುದು ಒಳ್ಳೆಯ ಗಂಟೆಗಳ ಲೆಕ್ಕ ಮತ್ತು ಯುಡಿಐಡಿ ಕಾರ್ಡು ಎರಡೇ.

ಸ್ವಯಂ ನಿವೃತ್ತಿಗೆ ಅರ್ಜಿ ಕೊಡಿ ಎಂದು ಕಚೇರಿಯಲ್ಲಿ ಯಾರಾದರೂ ಹಿತವಚನದ ಧಾಟಿಯಲ್ಲಿ ಒತ್ತಾಯಿಸಿದರೆ, ಸಹಿ ಹಾಕುವ ಮೊದಲು ಆ ಸಲಹೆಯನ್ನು ಲಿಖಿತವಾಗಿ ಕೊಡುವಂತೆ ಕೇಳಿ. ಸರ್ಕಾರಿ ಕಚೇರಿಯಾದರೆ ಅಲ್ಲಿನ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿ ಬಗೆಹರಿಯದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಕೇಂದ್ರ ಸರ್ಕಾರದ ಸಂಸ್ಥೆಯಾದರೆ ದೂರು ದೆಹಲಿಯ ಮುಖ್ಯ ಆಯುಕ್ತರಿಗೆ ಹೋಗಬೇಕು. ದೂರಿನೊಂದಿಗೆ ಯುಡಿಐಡಿ ಪ್ರತಿ, ನರರೋಗ ತಜ್ಞರ ಪತ್ರ, ನೀವು ಕೇಳಿದ ಅನುಕೂಲಗಳ ಅರ್ಜಿ ಮತ್ತು ಅದರ ಸ್ವೀಕೃತಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ.